ಖಾಲಿ ಜಾಗ ಅನ್ನಬ್ಯಾಡ್ರಿ

ಹೋದ ವರ್ಷ ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕ ಬಂದಿದ್ದ ಅತಿಥಿಗಳು ಎರಡು ಮಾತು ಹೇಳಿ ಹೋದರು. ಗಡಿ ಭಾಗ ಅಂದ್ರ ಯಾವ ದೇಶದಾಗ ಆದ್ರೂ ಖಾಲಿ ಜಾಗನ, ಜರ್ಮನಿಯಂಥ ಜರ್ಮನಿಯಾಗೂ ಅಂಥಾದೊಂದು ಜಿಲ್ಲಾ ಅದ, ಅಲ್ಲಿ ಐವತ್ತು ಸಾವಿರ ಮಂದಿನೂ ಇಲ್ಲ, ಅಲ್ಲಿ ನೋಡೂದೇನೂ ಇಲ್ಲ ಅಂದ್ರು. ಆಮ್ಯಾಲ, ಕನ್ನಡ ಸಾಲ್ಯಾಗ ಹುಡುಗರು ಕಡಿಮಿ ಆದ್ರು ಅಂತ ಅಳಬ್ಯಾಡ್ರಿ, ನಿಘಂಟು ಅದ, ಪುಸ್ತಕ ಅದಾವ, ಫೋನಿನಾಗ ಕನ್ನಡ ಅದ, ಭಾಷೆ ಎಲ್ಲಿಗೆ ಹೋಗತದ ಅಂದ್ರು. ಚಪ್ಪಾಳಿ ಬಿದ್ದವು. ನಾನೂ ಬಡದೆ. ಮುಂದಿನ ಸಾಲಿನಾಗ ಕುಂತಿದ್ದೆ, ಬಡೀದಿದ್ರ ಚಂದ ಕಾಣತಿದ್ದಿಲ್ಲ.

ಮನಿಗೆ ಬಂದ ಮ್ಯಾಲ ನಿದ್ದಿ ಹತ್ತಲಿಲ್ಲ. ನಾನು ಏಳನೆತ್ತಾ ಕಲಿತವ, ಹಂತಿ ಪದ ಹಾಡವ, ಎಂಟು ಎಕರೆ ಒಣ ಬೇಸಾಯದವ. ಜರ್ಮನಿ ಯಾವ ದಿಕ್ಕಿಗದ ಅಂತ ಹೇಳಲಿಕ್ಕೆ ಬರಂಗಿಲ್ಲ. ಆದ್ರ ಒಂದು ಊರಿನ ಬಗ್ಗೆ "ನೋಡೂದೇನೂ ಇಲ್ಲ" ಅಂದ್ರ ಹೇಳಿದವರು ನೋಡಿಲ್ಲ ಅಂತ ಅರ್ಥ, ಇದು ನನಗ ಗೊತ್ತದ. ಮರುದಿವಸ ನಮ್ಮ ಸಾಲಿ ಮಾಸ್ತರರನ್ನ ಹಿಡದೆ. ಆ ಜಿಲ್ಲಾ ಯಾವುದು ಹುಡುಕ್ರಿ ಅಂದೆ. ಒಂದು ಹಿಂಗಾರು ಪೂರ್ತಿ ಸಂಜಿಮುಂದ ಅವರು ಓದಿ ಓದಿ ಹೇಳ್ಯಾರ, ನಾ ಕೇಳೀನಿ, ಅನುಮಾನ ಬಂದಲ್ಲಿ ಮತ್ತ ಓದ್ಸೀನಿ. ಅದರ ಮ್ಯಾಲ ಈ ಉತ್ತರ ಬರೀತೀನಿ. ಅತಿಥಿಗಳ ಭಾಷಣ ಇದ ಪುಸ್ತಕದಾಗ ಅಚ್ಚಾಗತದ ಅಂತ ಕೇಳೀನಿ. ಆಗಲಿ. ಅದರ ಮಗ್ಗಲಿಗೆ ಇದೂ ಇರಲಿ.

ಜಿಲ್ಲಾದ ಹೆಸರು ಲ್ಯೂಖೋ-ಡಾನೆನ್‌ಬರ್ಗ್. ಅಲ್ಲಿ ಜಿಲ್ಲಾಕ್ಕ ಲಾಂಡ್‌ಕ್ರೈಸ್ ಅಂತಾರ. ನಮ್ಮ ಜಿಲ್ಲಾ ಪರಿಷತ್ತು, ಕಲೆಕ್ಟರ್ ಕಚೇರಿ ಎರಡೂ ಒಂದರಾಗ ಕೂಡಿಸಿದಂಗ, ಮುಖ್ಯಸ್ಥನ್ನ ಜನಾನ ಆರಿಸತಾರ. ನೀಡರ್‌ಸಾಕ್ಸನ್ ಅನ್ನೂ ರಾಜ್ಯದ ಈಶಾನ್ಯ ಮೂಲ್ಯಾಗ ಅದ. ವಿಸ್ತಾರ ಸುಮಾರು 1,220 ಚದರ ಕಿಲೋಮೀಟರ್. ಜನ ಐವತ್ತು ಸಾವಿರದ ಒಳಗ, ಇದು ಖರೆ. ಜರ್ಮನಿಯ ಲಾಂಡ್‌ಕ್ರೈಸುಗಳೊಳಗ ಎಲ್ಲಕ್ಕಿಂತ ಕಡಿಮಿ ಜನ ಇರೂದು ಇಲ್ಲೇ. ನಮ್ಮ ಜತ್ತ ತಾಲೂಕು ಒಂದರಾಗನ 2011ರ ಜನಗಣತಿಗೆ ಮೂರು ಲಕ್ಷಕ್ಕ ಮ್ಯಾಲ ಮಂದಿ ಇದ್ರು. ಆದ್ರ ತಲಿ ಎಣಿಸಿ ಊರಿನ ಬೆಲೆ ಕಟ್ಟೂದು ಕುರಿ ಸಂತ್ಯಾಗ ನಡೀತದ, ಬ್ಯಾರೆ ಕಡೆ ನಡ್ಯಾಂಗಿಲ್ಲ.

ಉತ್ತರಕ್ಕ ಎಲ್ಬ ನದಿ ಹರೀತದ. ಯೇಟ್ಸೆಲ್ ಅನ್ನೂ ಸಣ್ಣ ಹೊಳಿ ಜಿಲ್ಲಾದ ನಡುವ ಹಾದು ಹಿಟ್ಸಾಕರ್ ಊರ ಹಂತೇಕ ಎಲ್ಬಗ ಕೂಡತದ. ಪಶ್ಚಿಮಕ್ಕ ಡ್ರಾವೇನ್ ಅನ್ನೂ ದಿಬ್ಬ, ಅದರಾಚೆ ಗೋರ್ಡ ಅನ್ನೂ ದೊಡ್ಡ ಅಡವಿ. ಆ ಅಡವ್ಯಾಗ 1813ರಾಗ ನೆಪೋಲಿಯನ್ನನ ದಂಡಿನ ಕೂಡ ಲಡಾಯಿ ಆತು. ಗಂಡಸಿನ ವೇಷ ಹಾಕ್ಕೊಂಡು ಕಾದಿದ ಎಲಿಯನೋರ ಪ್ರೊಖಾಸ್ಕ ಅನ್ನೂ ಹುಡುಗಿಗೆ ಅಲ್ಲೇ ಗಾಯ ಆಗಿ ಆಕಿ ಮುಂದ ತೀರಿಕೊಂಡಳು. ಇಂಥಾಕಿ ನಮ್ಮ ಕಡೆ ಆಗಿದ್ರ ನಾನ ಒಂದು ರಾತ್ರಿ ಪೂರ್ತಿ ಪದ ಹಾಡತಿದ್ದೆ. ಭೂಮಿ ಭಾಳ ಕಡೆ ಉಸುಕಿನ ಭೂಮಿ. ಬಟಾಟಿ ಚಲೋ ಬರತದ. ಎಲ್ಬಗ ಮಹಾಪೂರ ಬಂದ್ರ ಹಿಟ್ಸಾಕರ್ ಮುಳಗತಿತ್ತು. 2002, 2006 ಎರಡು ಸಲ ಮುಳಗಿದ ಮ್ಯಾಲ ಗ್ವಾಡಿ ಕಟ್ಟಿದ್ರು, 2013ರ ಪೂರಕ್ಕ ಆ ಗ್ವಾಡಿ ತಡೀತು.

ಇನ್ನ ಊರುಗಳ ವಿಚಾರ. ನಮ್ಮ ಹಳ್ಳಿ ಓಣಿ ಹಿಡದು ಬೆಳೀತದ. ಅಲ್ಲಿನ ಹಳೆ ಹಳ್ಳಿಗಳು ಚಕ್ರದಂಗ ಅದಾವ. ನಡುವ ದುಂಡನ ಬಯಲು, ಸುತ್ತ ಮನಿಗಳು, ಎಲ್ಲಾ ಮನಿಯ ಮಾರಿ ಬಯಲ ಕಡೆ. ಒಬ್ಬೊಬ್ಬರ ಜಾಗ ಕತ್ತರಿಸಿದ ಭಕ್ರಿ ತುಣುಕಿನಂಗ ಮುಂದ ಸಣ್ಣದು, ಹಿಂದ ಅಗಲ. ಒಳಗ ಬರಲಿಕ್ಕೆ ಹಳೆ ಕಾಲಕ್ಕ ಒಂದ ದಾರಿ. ಮನಿಯೊಳಗ ಮುಂದ ದನ, ಹಿಂದ ಜನ, ಮ್ಯಾಲ ಕಾಳು ಮೇವು, ಎಲ್ಲಾ ಒಂದ ಮಾಡಿನ ಕೆಳಗ. ದನಕರ ಕೂಡ ಒಂದ ಮಾಡಿನ ಕೆಳಗ ಮಲಗಿ ಬೆಳೆದ ನನ್ನಂಥವಗ ಇದನ್ನ ಬಿಡಿಸಿ ಹೇಳೂದು ಬೇಕಾಗಿಲ್ಲ. ಈ ನಮೂನಿ ಸುಮಾರು 12ನೇ ಶತಮಾನದಿಂದ ಬಂದದ್ದು ಅಂತಾರ. ಲ್ಯೂಬೆಲ್ನ್ ಅನ್ನೂ ಹಳ್ಳ್ಯಾಗ ಇದಕ್ಕಂತ ಒಂದು ವಸ್ತುಸಂಗ್ರಹಾಲಯ ಮಾಡ್ಯಾರ. ನೋಡೂದೇನೂ ಇಲ್ಲಂತ!

ಈ ದುಂಡನ ಹಳ್ಳ್ಯಾಗ ಇದ್ದವರು ಯಾರು ಅನ್ನೂದ ನನ್ನ ಜಗಳದ ಮೂಲ. ಅವರಿಗೆ ಜರ್ಮನರು ವೆಂಡ್ ಅಂತ ಕರದ್ರು, ಅದಕ್ಕ ಆ ಸೀಮೆಗೆ ವೆಂಡ್‌ಲಾಂಡ್ ಅಂತ ಹೆಸರು. ಅವರ ಮಾತು ಜರ್ಮನ್ ಅಲ್ಲ. ಪೋಲಂಡ್, ಚೆಕ್ ಕಡೆಯ ಮಾತಿನ ಬಳಗ ಅದು. ಪಂಡಿತರು ಪೊಲಾಬಿಯನ್ ಅಂತಾರ. ಈಗೂ ಊರ ಹೆಸರುಗಳ ಬಾಲದಾಗ "ಓ", "ಇಟ್ಸ್" ಅಂತ ಆ ಮಾತಿನ ಗುರುತು ಉಳಿದದ. ವುಸ್ತ್ರೋ ಅಂದ್ರ ನಡುಗಡ್ಡಿ. ಅಲ್ಲಿ ಹುಟ್ಟಿದವರಿಗೇ ಈಗ ತಮ್ಮ ಊರ ಹೆಸರಿನ ಅರ್ಥ ಪುಸ್ತಕ ನೋಡಿ ತಿಳೀಬೇಕು.

14ನೇ ಶತಮಾನದ ಶುರುವಿನಾಗ ಲ್ಯೂಖೋ, ಡಾನೆನ್‌ಬರ್ಗ್ ಎರಡೂ ಸಣ್ಣ ಸಂಸ್ಥಾನಗಳು ಬ್ರೌನ್‌ಶ್ವೈಗ್-ಲ್ಯೂನೆಬುರ್ಗ್ ದೊರೆಗಳ ಕೈಗೆ ಹೋದವು. ಮುಂದ ಹಾನೋವರ್ ರಾಜ್ಯ, 1866ರಾಗ ಪ್ರಷಿಯಾ. 1885ರಾಗ ಎರಡು ಬ್ಯಾರೆ ಬ್ಯಾರೆ ಜಿಲ್ಲಾ ಮಾಡಿದ್ರು, 1932ರಾಗ ಕೂಡಿಸಿದ್ರು. ಕಚೇರಿ ಯಾವ ಊರಾಗಿರಬೇಕು ಅಂತ ಜಗಳ ಎಲ್ಲಾ ದೇಶಕ್ಕೂ ಒಂದ, ಬಿಡ್ರಿ.

ವೆಂಡ್ ಮಾತು ಹೆಂಗ ಸತ್ತಿತು? ಅತಿಥಿಗಳು ಕೇಳಬೇಕಾದ್ದು ಇದು. ಕತ್ತಿ ಹಿಡದು ನಾಲಿಗಿ ಕತ್ತರಿಸಿದ್ರು ಅಂತ ತಿಳಕೋಬ್ಯಾಡ್ರಿ. ಅಷ್ಟು ಸಸಾರ ಇಲ್ಲ ಅದು. ಮೊದಲ ಹೊಟ್ಟಿಗೆ ಹೊಡದ್ರು. ಆ ಸುತ್ತಿನ ಪಟ್ಟಣಗಳೊಳಗ ನೇಕಾರರು, ಚಮ್ಮಾರರು, ಕಮ್ಮಾರರು ತಮ್ಮ ತಮ್ಮ ಸಂಘ ಕಟ್ಟಿಕೊಂಡಿದ್ರು. ಸಂಘದಾಗ ಸೇರಬೇಕಂದ್ರ ಜನ್ಮಪತ್ರ ತೋರಿಸಬೇಕು, ಅದರಾಗ "ಜರ್ಮನ್ ಹುಟ್ಟು, ವೆಂಡ್ ಅಲ್ಲ" ಅಂತ ಇರಬೇಕು. ಕಸಬು ಬೇಕಾದ್ರ ಅವ್ವನ ಮಾತು ಬಿಡಬೇಕು. ಕೋರ್ಟು ಜರ್ಮನ್, ಚರ್ಚು ಜರ್ಮನ್. ಹಿಂಗ ಎರಡು ಮೂರು ನೂರು ವರ್ಷ ನಡದ ಮ್ಯಾಲ ನಾಚಿಕಿ ಹುಟ್ಟಿತು. ನಾಚಿಕಿ ಹುಟ್ಟಿದ ಮ್ಯಾಲ ಯಾರೂ ಒತ್ತಾಯ ಮಾಡೂದು ಬೇಕಾಗಂಗಿಲ್ಲ, ಮಂದಿ ತಾವ ಬಾಯಿ ಮುಚ್ಚತಾರ. ವುಸ್ತ್ರೋದ ಪಾದ್ರಿ ಕ್ರಿಸ್ಟಿಯಾನ್ ಹೆನ್ನಿಗ್ ಅನ್ನಾವ ಸುಮಾರು 1700ರ ಹೊತ್ತಿಗೆ ಮಾತು ಕೂಡಿಸಲಿಕ್ಕೆ ಹೊಂಟಾಗ ಮುದುಕರು ನಮಗ ಬರಂಗಿಲ್ಲ ಅಂತ ಮುಚ್ಚಿಡತಿದ್ರಂತ. ಯಾಕಂದ್ರ ಹುಡುಗರು ನಗತಿದ್ರು.

ಈ ಹೆನ್ನಿಗ್ ಮೊದಲ ಬರದದ್ದು 1691ರಾಗ ಮನಿಗೆ ಬೆಂಕಿ ಬಿದ್ದು ಸುಟ್ಟು ಹೋತು. ಆವ ಬಿಡಲಿಲ್ಲ. ಕ್ಲೆನೋ ಹಳ್ಳಿಯ ಯಾನಿಷ್ಗೆ ಅನ್ನೂ ಒಬ್ಬ ರೈತನ್ನ ಕೂಡಿಸಿಕೊಂಡು ಮತ್ತ ಮೊದಲಿಂದ ಬರದ. ಪಾದ್ರಿ ಹೆಸರು ಎಲ್ಲರಿಗೂ ಗೊತ್ತದ. ಆದ್ರ ಬಾಯಾಗ ಮಾತು ಇಟ್ಟುಕೊಂಡಿದ್ದವ ರೈತ.

ಇನ್ನೊಬ್ಬ ರೈತ ಪಾರುಮ್ ಶುಲ್ತ್ಸೆ. ಸ್ಯೂಟನ್ ಹಳ್ಳಿಯವ, ಬೇಸಾಯದ ಜೋಡಿ ಖಾನಾವಳಿ ನಡಸತಿದ್ದ. ಊರ ಸುದ್ದಿ ಬರದಿಡೂ ಹುಚ್ಚು. ಸುಮಾರು 1725ರಾಗ ಅದರ ಕೂಡ ವೆಂಡ್ ಶಬ್ದಗಳನ್ನೂ ಬರದಿಟ್ಟ. ತನಗ ನಾಲ್ವತ್ತೇಳು ವರ್ಷ, ತಾನೂ ಊರಾಗಿನ ಇನ್ನ ಮೂರು ಮಂದಿನೂ ಸತ್ರ ನಾಯಿಗೆ ವೆಂಡ್ ಮಾತಿನಾಗ ಏನಂತಾರ ಅನ್ನೂದು ಯಾರಿಗೂ ಗೊತ್ತಿರಂಗಿಲ್ಲ ಅನ್ನೂ ಅರ್ಥದ ಮಾತು ಅದರಾಗ ಅದ. ಮಾಸ್ತರರು ಇದನ್ನ ಓದಿದಾಗ ನಾ ಎದ್ದು ಹೊರಗ ಹೋದೆ. ಯಾಕಂದ್ರ ಹೋದ ಸುಗ್ಗ್ಯಾಗ ನನ್ನ ಮೊಮ್ಮಗ ಕೇಳಿದ್ದ, ಅಜ್ಜಾ, ಮೇಟಿ ಅಂದ್ರ ಏನು ಅಂತ. ಕಣದ ನಡುವ ನಟ್ಟ ಕಟಗಿ, ಅದರ ಸುತ್ತ ಎತ್ತು ತಿರಗತಾವ, ಹಂತಿ ಹೊಡಿಯೂದು ಅಂತಾರ ಅಂತ ಹೇಳಿದೆ. ಆವ ಕಣನೂ ನೋಡಿಲ್ಲ, ಹಂತಿನೂ ನೋಡಿಲ್ಲ. ಮಶೀನ್ ಬಂದು ರಾಶಿ ಮಾಡಿ ಹೋಗತದ. ನನ್ನ ಪದಗಳು ಎತ್ತಿನ ಹೆಜ್ಜಿಗೆ ಹಾಡೂ ಪದ. ಎತ್ತ ಇಲ್ಲ. ಪಾರುಮ್ ಶುಲ್ತ್ಸೆ ತನ್ನ ಊರಾಗ ನಾಲ್ಕು ಮಂದಿ ಎಣಿಸಿದ, ನಾ ನಮ್ಮೂರಾಗ ಹಂತಿ ಪದ ಬರೂ ಮಂದೀನ ಎಣಿಸಿದೆ. ನಾ ಹಿಡದು ಆರು.

ಡೋಲ್ಗೋ ಅನ್ನೂ ಹಳ್ಳ್ಯಾಗ 1756ರಾಗ ಒಬ್ಬ ಮುದುಕಿ ತೀರಿಕೊಂಡಳು. ವೆಂಡ್ ಮಾತು ಬರತಿದ್ದ ಕಡೀ ಜೀವ ಆಕಿನ ಅಂತ ಲೆಕ್ಕ.

ಈಗ ಅತಿಥಿಗಳ ನಿಘಂಟಿನ ಮಾತಿಗೆ ಬರತೀನಿ. ವೆಂಡ್ ಮಾತಿಗೆ ನಿಘಂಟು ಇರಲಿಲ್ಲೇನು? ಇತ್ತು. ಹೆನ್ನಿಗನದು ಅದ, ಶುಲ್ತ್ಸೆಂದು ಅದ. ಎಲ್ಲಾ ಕೂಡಿದ್ರ ಎರಡೂವರಿ ಮೂರು ಸಾವಿರ ಶಬ್ದ ಇಂದಿಗೂ ಉಳಿದಾವ. ದೊಡ್ಡ ದೊಡ್ಡ ಪಂಡಿತರು, ಲೈಬ್ನಿಟ್ಸ್ ಅಂಥಾ ತತ್ವಜ್ಞಾನಿ ಸುದ್ಧಾ, ಆ ಮಾತಿನ ಬಗ್ಗೆ ಕಾಗದ ಬರದು ಕೇಳ್ಯಾರ. ನಿಘಂಟು ಬರೀಲಿಕ್ಕತ್ತಾಗನ ಭಾಷೆ ಸಾಯಲಿಕ್ಕತ್ತಿತ್ತು. ಮನಿಯಾಗ ಯಾರೂ ಮಾತಾಡದ ಭಾಷೆಗೆ ನಿಘಂಟು ಅಂದ್ರ ಹೆಣಕ್ಕ ಅಳತಿ ತಗೊಂಡಂಗ. ಅಳತಿ ಸರಿ ಇರತದ, ಹೆಣ ಏಳಂಗಿಲ್ಲ.

ನಮ್ಮ ಕನ್ನಡಕ್ಕೂ ನಿಘಂಟು ಮಾಡಿದಾತ ಆ ಕಡೆಯವನ. ಫರ್ಡಿನಾಂಡ್ ಕಿಟ್ಟೆಲ್ 1832ರಾಗ ಹುಟ್ಟಿದ್ದು ಈಸ್ಟ್ ಫ್ರೀಸ್‌ಲಾಂಡಿನ ರೇಸ್ಟರ್‌ಹಾಫ ಅನ್ನೂ ಹಳ್ಳ್ಯಾಗ. ಆಗ ಅದು ಹಾನೋವರ್ ರಾಜ್ಯ, ವೆಂಡ್‌ಲಾಂಡೂ ಅದ ರಾಜ್ಯದಾಗ ಇತ್ತು. ಇಂದಿಗೂ ಎರಡೂ ನೀಡರ್‌ಸಾಕ್ಸನ್ ರಾಜ್ಯದಾಗ ಅದಾವ. ಆ ದೊಡ್ಡ ನಿಘಂಟು 1894ರಾಗ ಮಂಗಳೂರಾಗ ಅಚ್ಚಾತು, ಸುಮಾರು ಎಪ್ಪತ್ತು ಸಾವಿರ ಶಬ್ದ. ಕಿಟ್ಟೆಲ್ಲರಿಗೆ ನಾ ಕೈ ಮುಗೀತೀನಿ. ಆದ್ರ ಒಂದು ಮಾತು ಗಮನಿಸ್ರಿ. ಹೆನ್ನಿಗ್ ಮನಿ ಮನಿ ಬಾಗಿಲ ಬಡದು ಒಬ್ಬ ಯಾನಿಷ್ಗೆನ್ನ ಹುಡುಕಬೇಕಾತು. ಕಿಟ್ಟೆಲ್ಲರಿಗೆ ಸಂತಿಗೆ ಹೋದ್ರೂ ಕನ್ನಡ, ಅಡವಿಗೆ ಹೋದ್ರೂ ಕನ್ನಡ. ಕಿಟ್ಟೆಲ್ಲರ ಪುಸ್ತಕ ದಪ್ಪ ಆದದ್ದು ಜನರ ಬಾಯಾಗ ಭಾಷೆ ಇತ್ತು ಅಂತ. ಪುಸ್ತಕ ಇತ್ತು ಅಂತ ಬಾಯಾಗ ಭಾಷೆ ಉಳೀಲಿಲ್ಲ. ಅತಿಥಿಗಳು ಬಂಡಿಯನ್ನ ಎತ್ತಿನ ಮುಂದ ಕಟ್ಟಿದ್ರು.

ಫೋನಿನಾಗ ಕನ್ನಡ ಅದ, ಖರೆ. ಫೋನು ಹೊಲಕ್ಕ ಬಂದು ಕಳೆ ತೆಗಿಯಾಂಗಿಲ್ಲ, ಮದವಿ ಮನ್ಯಾಗ ಸೋಬಾನ ಹಾಡಂಗಿಲ್ಲ.

ಹಾಡಿನ ಮಾತು ಬಂತು, ಇದನ್ನ ಬಿಟ್ಟು ಮುಂದ ಹೋಗಲಾರೆ. ಅಷ್ಟು ದೊಡ್ಡ ಸೀಮೆಯ ಜನ ನೂರಾರು ವರ್ಷ ಹಾಡಿದ್ರಲ್ಲಾ, ಅದರಾಗ ದೇವರ ಪ್ರಾರ್ಥನಿ ಬಿಟ್ಟು ಉಳಿದದ್ದು ಎಷ್ಟು ಗೊತ್ತೇನು? ಒಂದ ಹಾಡು. ಅದು ಹಕ್ಕಿ ಮದವಿ ಹಾಡು. ಒಬ್ಬರು ಕೇಳತಾರ ಮದುಮಗಳು ಯಾರಾಗಬೇಕು ಅಂತ, ಗೂಗಿ ಆಗಬೇಕು ಅಂತ ಉತ್ತರ. ಗೂಗಿ ಹೇಳತದ ನಾ ಕುರೂಪಿ, ನನಗ ಬ್ಯಾಡ ಅಂತ. ಮದುಮಗ ಒಂದು ಗೇಣು ಇಲ್ಲದ ಸಣ್ಣ ಗುಬ್ಬಿ ಜಾತಿ ಹಕ್ಕಿ. ತೋಳ ಅಡಗಿಯವ, ಕೊಕ್ಕರಿ ಬಾಜಾ ಬಾರಿಸೂದು, ನರಿ ತನ್ನ ಬಾಲ ಹಾಸಿದ್ರ ಅದ ಊಟದ ಮಣಿ. ನಮ್ಮ ಗೀಗಿ ಮೇಳದ ಸವಾಲು ಜವಾಬಿನಂಗ ಕೂತು ನಗಸೂ ಹಾಡು. ಹೆರ್ಡರ್ ಅನ್ನೂ ಪಂಡಿತ ತನ್ನ ಜನಪದ ಹಾಡಿನ ಸಂಗ್ರಹದಾಗ ಜರ್ಮನ್‌ಗೆ ತಿರುಗಿಸಿ ಹಾಕಿದ, ಗಯಟೆ ಅಂಥಾ ಮಹಾಕವಿ 1782ರ ತನ್ನ ಒಂದು ಹಾಡಿನ ನಾಟಕದ ಕಡೀಕ ಅದನ್ನ ಇಟ್ಟ. ಮಹಾಕವಿ ಬಾಯಿಗೆ ಏರಿತು ಅಂತ ಪಂಡಿತರು ಹೆಮ್ಮಿ ಪಡತಾರ. ನನಗ ಸಂಕಟ ಆಗತದ. ಗಯಟೆ ಅದನ್ನ ನಾಟಕದಾಗ ಇಡೂ ಹೊತ್ತಿಗೆ ಡೋಲ್ಗೋದ ಮುದುಕಿ ಸತ್ತು ಇಪ್ಪತ್ತಾರು ವರ್ಷ ಆಗಿತ್ತು. ಹಾಡು ಪಟ್ಟಣದ ರಂಗದ ಮ್ಯಾಲ ಇತ್ತು, ಕಣದಾಗ ಇರಲಿಲ್ಲ.

ಖಾಲಿ ಜಾಗದ ಲೆಕ್ಕ ಇನ್ನೂ ಉಳಿದದ. ಜಾಗ ತಾನ ಖಾಲಿ ಆಗಲಿಲ್ಲ, ಮಾಡಿದ್ರು. 1945ರ ಯುದ್ಧ ಮುಗದ ಮ್ಯಾಲ ದೇಶ ಎರಡು ಹೋಳಾತು. ಈ ಜಿಲ್ಲಾ ಪಶ್ಚಿಮ ಜರ್ಮನಿಯಾಗ ಉಳೀತು, ಆದ್ರ ಮೂರು ದಿಕ್ಕಿಗೆ ಪೂರ್ವ ಜರ್ಮನಿ. ಹಿತ್ತಲ ಬಾಗಿಲಿಗೆ ಗ್ವಾಡಿ ಕಟ್ಟಿದಂಗ. ಡೋಮಿಟ್ಸ್ ಹಂತೇಕ ಎಲ್ಬ ಮ್ಯಾಲಿನ ಸೇತುವಿಗೆ 1945ರ ಏಪ್ರಿಲ್‌ನಾಗ ಬಾಂಬು ಬಿದ್ದು ಮುರದು ಹೋತು. 1992ರ ತನಕ ಅಲ್ಲಿ ರಸ್ತೆ ಸೇತುವಿ ಮತ್ತ ಆಗಲಿಲ್ಲ. ರೈಲಿನ ಸೇತುವಿ ಇಂದಿಗೂ ಅರ್ಧಕ್ಕ ನಿಂತದ. ಆಚೆ ದಂಡಿಯ ಬೀಗರು ಕಣ್ಣಿಗೆ ಕಾಣತಿದ್ರು, ಕೈಗೆ ಸಿಗತಿದ್ದಿಲ್ಲ. ಸಂತಿ ತಪ್ಪಿತು, ಕೆಲಸ ತಪ್ಪಿತು, ಹುಡುಗರು ಹಾಂಬುರ್ಗ್ ಕಡೆ ದಾರಿ ಹಿಡದ್ರು. ಗೆರಿ ಎಳದವರು ಬ್ಯಾರೆ, ಹಿಂದುಳಿದವರು ಅಂತ ಅನಿಸಿಕೊಂಡವರು ಬ್ಯಾರೆ.

ಆಮ್ಯಾಲ 1977ರ ಫೆಬ್ರುವರಿ 22ಕ್ಕ ಆ ರಾಜ್ಯದ ಮುಖ್ಯಮಂತ್ರಿ ಅರ್ನ್ಸ್ಟ್ ಆಲ್‌ಬ್ರೆಖ್ಟ್ ಒಂದು ಘೋಷಣಾ ಮಾಡಿದ್ರು. ಗೋರ್ಲೇಬೆನ್ ಹಳ್ಳಿಯ ನೆಲದ ಕೆಳಗ ಉಪ್ಪಿನ ಗುಡ್ಡ ಅದ, ದೇಶದ ಅಣುಸ್ಥಾವರಗಳ ವಿಷದ ಕಸ ಅಲ್ಲಿ ಹೂಳೂಣು, ಉಳಿದ ಇಂಧನ ಬಳಸೂ ಕಾರಖಾನಿನೂ ಅಲ್ಲೇ ಕಟ್ಟೂಣು ಅಂತ. ಯಾಕ ಅಲ್ಲೇ? ಉಪ್ಪು ಚಲೋ ಅದ ಅಂದ್ರು. ಮುಂದ ಅವರ ಸಂಸತ್ತಿನ ವಿಚಾರಣಾ ಸಮಿತಿಯೊಳಗ ಇದರ ಮ್ಯಾಲ ವರ್ಷಗಟ್ಲೆ ವಾದ ಆತು, ಆರಿಸಿದ್ದು ಉಪ್ಪು ನೋಡಿನೋ, ಗಡಿ ನೋಡಿ ಜನ ಕಡಿಮಿ ಅಂತ ನೋಡಿನೋ ಅಂತ. ನನ್ನ ಅಭಿಪ್ರಾಯ ಕೇಳಿದ್ರ, ಕಸ ಚೆಲ್ಲಾವ ಮೊದಲ ನೋಡೂದು ಯಾರ ಹಿತ್ತಲಿಗೆ ಬೇಲಿ ಇಲ್ಲ ಅಂತ. ಅತಿಥಿಗಳೇ, "ಖಾಲಿ ಜಾಗ" ಅನ್ನೂ ಮಾತು ಇಂಥಾ ಕೆಲಸಕ್ಕ ಬರತದ. ಅದಕ್ಕ ನನಗ ಸಿಟ್ಟು.

ಜಾಗ ಖಾಲಿ ಇರಲಿಲ್ಲ. 1979ರ ಮಾರ್ಚ್ ಕಡೀಕ ಅಲ್ಲಿನ ರೈತರು ಟ್ರ್ಯಾಕ್ಟರ್ ಹೂಡಿಕೊಂಡು ರಾಜಧಾನಿ ಹಾನೋವರ್‌ಗೆ ಹೊಂಟ್ರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಒಂದು ವಾರ. ಅವರು ದಾರಿಯಾಗ ಇದ್ದಾಗನ ಅಮೇರಿಕಾದ ಹ್ಯಾರಿಸ್‌ಬರ್ಗ್ ಹಂತೇಕ ಅಣುಸ್ಥಾವರ ಕೆಟ್ಟಿತು. ಮಾರ್ಚ್ 31ಕ್ಕ ಹಾನೋವರ್ ಮುಟ್ಟಿದಾಗ ಸುಮಾರು ಒಂದು ಲಕ್ಷ ಜನ ಕೂಡಿದ್ರು. ಐವತ್ತು ಸಾವಿರ ಜನರ ಜಿಲ್ಲಾ ಲಕ್ಷ ಜನಾನ ಕೂಡಿಸಿತು. ಮೇ ತಿಂಗಳಾಗ ಆಲ್‌ಬ್ರೆಖ್ಟ್ ಸಾಹೇಬರು ಕಾರಖಾನಿ ರಾಜಕೀಯವಾಗಿ ಆಗೂ ಮಾತಲ್ಲ ಅಂತ ಕೈ ಬಿಟ್ರು. ಹೂಳೂ ವಿಚಾರ ಮಾತ್ರ ಬಿಡಲಿಲ್ಲ.

1980ರ ಮೇ 3ಕ್ಕ ಉಪ್ಪು ಕೊರೀಲಿಕ್ಕೆ ಹೊಂಟಿದ್ದ ಜಾಗದಾಗ ಜನ ಕಟಗಿ ಗುಡಸಲ ಕಟ್ಟಿ ಕುಂತ್ರು. "ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ" ಅಂತ ಹೆಸರಿಟ್ರು. ಹಸಿರು ಬಟ್ಟಿ ಮ್ಯಾಲ ಕಿತ್ತಳಿ ಸೂರ್ಯನ ಧ್ವಜ, ತಮ್ಮದ ಪಾಸ್‌ಪೋರ್ಟು, ತಮ್ಮದ ರೇಡಿಯೋ. ಮೂವತ್ಮೂರು ದಿವಸ ನಡೀತು. ಜೂನ್ 4ಕ್ಕ ಪೋಲೀಸರು ಬಂದು ಕೆಡವಿದ್ರು. ಇಲ್ಲಿ ನನಗ ಅವರ ಮ್ಯಾಲೂ ಒಂದು ತಕರಾರು ಅದ. ವೆಂಡರ ಹೆಸರು ಹಬ್ಬದ ರುಮಾಲಿನಂಗ ತಲಿಗೆ ಸುತ್ತಿಕೊಂಡ್ರಲ್ಲಾ, ಆ ಗುಡಸಲದೊಳಗ ಒಬ್ಬರಿಗಾದ್ರೂ ನಾಯಿಗೆ ವೆಂಡ್ ಮಾತಿನಾಗ ಏನಂತಾರ ಅನ್ನೂದು ಬಾಯಾಗಿಂದ ಬರತಿತ್ತೇನು? ಬರತಿದ್ದಿಲ್ಲ. ಮಾಸ್ತರರು ಇದಕ್ಕ ಒಪ್ಪಂಗಿಲ್ಲ. ಮಾತು ಹೋದ ಮ್ಯಾಲೂ ಹೆಸರು ಉಳಿದಿದ್ದಕ್ಕನ ಅವರಿಗೆ ನಾವು ಯಾರೋ ಅನ್ನೂ ಧೈರ್ಯ ಬಂತು ಅಂತಾರ. ಇರಬಹುದು. ನನ್ನ ತಕರಾರು ಹಂಗ ಇರಲಿ.

1995ರಿಂದ 2011ರ ತನಕ ಹದಿಮೂರು ಸಲ ವಿಷದ ಡಬ್ಬಿಗಳು ರೈಲಿನಾಗ ಡಾನೆನ್‌ಬರ್ಗ್‌ಗೆ ಬಂದವು, ಅಲ್ಲಿಂದ ಲಾರಿ ಮ್ಯಾಲ ಗೋರ್ಲೇಬೆನ್‌ಗೆ. ಪ್ರತಿ ಸಲ ರೈತರು ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ಹಚ್ಚಿದ್ರು, ಮಂದಿ ರೈಲಿನ ಹಳಿ ಮ್ಯಾಲ ಕುಂತ್ರು, ಮನಿ ಮನಿ ಮುಂದ ಹಳದಿ ಬಣ್ಣದ ಕಟಗಿ ಗುಣಾಕಾರದ ಗುರುತು ನಟ್ರು. ಸಾವಿರಗಟ್ಲೆ ಪೋಲೀಸರನ್ನ ತಂದು ಒಂದೊಂದ ಗಾಡಿ ದಾಟಿಸಬೇಕಾತು. 2020ರ ಸೆಪ್ಟೆಂಬರ್ 28ಕ್ಕ, ಕಸ ಹೂಳಲಿಕ್ಕೆ ಜಾಗ ಹುಡುಕೂ ಸರ್ಕಾರದ ಕಂಪನಿನ ಹೇಳಿತು, ಗೋರ್ಲೇಬೆನ್ ಉಪ್ಪಿನ ಗುಡ್ಡ ತಕ್ಕದ್ದಲ್ಲ, ಅದರ ಮ್ಯಾಲಿನ ನೆಲದ ಪದರು ಕಾವಲು ಕೊಡೂ ಹಂಗಿಲ್ಲ ಅಂತ. ನಾಲ್ವತ್ಮೂರು ವರ್ಷ ಆದ ಮ್ಯಾಲ. ಹೋರಾಟಕ್ಕ ಇಳದ ಹುಡುಗರು ಅಜ್ಜಗಳಾಗಿದ್ರು.

ಆದ್ರೂ ಬಂದ 113 ಡಬ್ಬಿ ಇನ್ನೂ ಅಲ್ಲೇ ನೆಲದ ಮ್ಯಾಲ ಒಂದು ದೊಡ್ಡ ಗೋದಾಮಿನಾಗ ಕುಂತಾವ. ಗೋದಾಮಿನ ಪರವಾನಗಿ 2034ರ ತನಕ. ಮುಂದ ಎಲ್ಲಿಗೆ ಒಯ್ಯಬೇಕು ಅನ್ನೂ ಜಾಗ ಇನ್ನೂ ಗೊತ್ತಾಗಿಲ್ಲ.

ವಾಚನಾಲಯದ ಕಮೀಟಿಯವರಿಗೆ ನನ್ನದೊಂದು ಅರ್ಜಿ. ಈ ಸಲ ವಾರ್ಷಿಕೋತ್ಸವಕ್ಕ ಹೊರಗಿನ ಭಾಷಣ ಒಂದು ಕಡಿಮಿ ಮಾಡ್ರಿ. ಆ ಹೊತ್ತಿನಾಗ ಹಂತಿ ಪದ ಬರೂ ನಾವು ಆರು ಮಂದಿ ಕುಂದ್ರತೀವಿ, ಸಾಲಿ ಹುಡುಗರನ್ನ ನಮ್ಮ ಎದುರಿಗೆ ಕೂಡಸ್ರಿ. ಬರಕೊಳ್ಳೂದು ಬ್ಯಾಡ, ರೆಕಾರ್ಡೂ ಬ್ಯಾಡ. ಬಾಯಿಗೆ ಬಾಯಿ ಹಚ್ಚಿ ಹಾಡಲಿ. ಎತ್ತಿಲ್ಲದಿದ್ರ ನಾನ ಮೇಟಿ ನಟ್ಟು ಸುತ್ತ ತಿರಗತೀನಿ. ಒಬ್ಬ ಮುದುಕ ಸಾಲಿ ಅಂಗಳದಾಗ ಕಟಗಿ ಸುತ್ತ ತಿರಗತಾನ ಅಂತ ಹುಡುಗರು ನಗತಾರ, ನಗಲಿ.